ಬರ, ಬಿಸಿಲು, ಬೇಸಾಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಕೆಲವು ಸಂಚಿಕೆಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಮಳೆಯ ಕುರಿತಾದವೇ ಹೆಚ್ಚು. ಒಂದೇ ಸಂಕಟವನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿಕೊಂಡ ಪತ್ರಗಳನ್ನು ಒಟ್ಟುಗೂಡಿಸಿ, ಎಲ್ಲರಿಗೂ ಉಪಯೋಗವಾಗಬಹುದಾದ ಪ್ರಶ್ನೆಗಳನ್ನು ಈ ಬಾರಿ ಆರಿಸಿದ್ದೇವೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ತಂದೆಯವರ ಕಾಲದಿಂದ ಇದೆ. ವರ್ಷದ ಒಟ್ಟು ಮಳೆ ಹಿಂದಿಗಿಂತ ಹೆಚ್ಚೇನೂ ಇಳಿದಿಲ್ಲ. ಆದರೂ ಬೆಳೆ ಹಿಂದಿಗಿಂತ ಬೇಗ ಬಾಡುತ್ತಿದೆ. ನಮ್ಮ ಲೆಕ್ಕದಲ್ಲಿಯೇ ದೋಷವಿದೆಯೇ?

ಉತ್ತರ: ನಿಮ್ಮ ಲೆಕ್ಕವೂ ಸರಿ, ನೀವು ಹೊಲದಲ್ಲಿ ಕಂಡದ್ದೂ ಸರಿ. ಬೇರಿನ ಸುತ್ತ ಯಾವ ವಾರದಲ್ಲಿ ಎಷ್ಟು ಹಸಿ ಉಳಿದಿತ್ತು ಎಂಬುದರ ಮೇಲೆ ಬೆಳೆಯ ಬದುಕು ನಿಂತಿದೆ. ವರ್ಷದ ಒಟ್ಟು ಮೊತ್ತ ಅದನ್ನು ಹೇಳುವುದಿಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಇದರಿಂದ ಎರಡು ಪರಿಣಾಮಗಳು ಒಟ್ಟಿಗೆ ಉಂಟಾಗುತ್ತವೆ. ಸುರಿಯುವಾಗ ಮಳೆ ಜೋರಾಗಿ ಸುರಿಯುತ್ತದೆ, ಅನೇಕ ಪ್ರದೇಶಗಳಲ್ಲಿ ಎರಡು ಮಳೆಗಳ ನಡುವಿನ ಬಿಡುವು ಉದ್ದವಾಗುತ್ತದೆ. ಆ ಬಿಡುವಿನಲ್ಲಿ ಬಿಸಿಗಾಳಿಯು ಮಣ್ಣಿನಿಂದಲೂ ಎಲೆಯಿಂದಲೂ ಹೆಚ್ಚು ನೀರನ್ನು ಎಳೆದುಕೊಳ್ಳುತ್ತದೆ. 30 ಡಿಗ್ರಿ ಉಷ್ಣತೆಯಲ್ಲಿ ಶೇ. 50ರಷ್ಟು ತೇವಾಂಶವಿರುವ ಗಾಳಿಯನ್ನು, ಅದರಲ್ಲಿರುವ ಆವಿಯ ಪ್ರಮಾಣ ಬದಲಾಗದಂತೆ, 32 ಡಿಗ್ರಿಗೆ ಏರಿಸಿದರೆ ಅದರ ದಾಹ ಸುಮಾರು ಕಾಲು ಭಾಗದಷ್ಟು ಹೆಚ್ಚುತ್ತದೆ. ಎರಡೇ ಡಿಗ್ರಿಯ ವ್ಯತ್ಯಾಸವನ್ನು ನಮ್ಮ ಮೈ ಅಷ್ಟಾಗಿ ಗಮನಿಸದಿದ್ದರೂ ಬೆಳೆ ಗಮನಿಸುತ್ತದೆ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಅರ್ಧ ಗಂಟೆಯಲ್ಲಿ 30 ಮಿಲಿಮೀಟರ್ ಸುರಿದು ಅದರಲ್ಲಿ ಮೂರನೇ ಒಂದು ಭಾಗ ಹರಿದುಹೋದರೆ, ನಿಮ್ಮ ಪುಸ್ತಕದಲ್ಲಿ 30 ಎಂದೇ ದಾಖಲಾಗುತ್ತದೆ, ಆದರೆ ಹೊಲವು ಎಕರೆಗೆ 40,000 ಲೀಟರ್ ಕಳೆದುಕೊಂಡಿರುತ್ತದೆ. ಆದ್ದರಿಂದ ಆ ಅಮೂಲ್ಯ ಪುಸ್ತಕಕ್ಕೆ ಇನ್ನೆರಡು ಕಾಲಂ ಸೇರಿಸಿ: ಮಳೆ ಎಷ್ಟು ಹೊತ್ತು ಬಂತು, ಮತ್ತು ಹಿಂದಿನ ಮಳೆಗೂ ಈ ಮಳೆಗೂ ನಡುವೆ ಎಷ್ಟು ದಿನ ಒಣಗಿತ್ತು. ತಂದೆಯವರು ದಿನಾಂಕ ಸಹಿತ ಬರೆದಿಟ್ಟಿದ್ದರೆ ಬಿಡುವಿನ ದಿನಗಳನ್ನು ಹಳೆಯ ಪುಟಗಳಿಂದಲೂ ಎಣಿಸಬಹುದು. ಬೆಳೆ ಮತ್ತು ತಳಿಯ ಆಯ್ಕೆಗೆ ನಿಮಗೆ ಬೇಕಾದ ಮಾಹಿತಿ ಆ ಬಿಡುವುಗಳಲ್ಲಿಯೇ ಅಡಗಿದೆ.

ಪ್ರಶ್ನೆ: ಹೊಲದ ಸುತ್ತ ಬದು ಹಾಕಿಸಿದ್ದೇವೆ, ಒಂದು ಕೃಷಿ ಹೊಂಡವನ್ನೂ ತೆಗೆಸಿದ್ದೇವೆ. ಆದರೂ ಮಳೆ ನಿಂತ ಹತ್ತು ದಿನಕ್ಕೆ ಬೆಳೆ ಬಾಡುತ್ತದೆ. ಮಣ್ಣಿಗೆ ಹೊದಿಕೆ ಹಾಕಿ ಎನ್ನುತ್ತಾರೆ, ಆದರೆ ಮೇವಿಗೇ ಸಾಲದಿರುವಾಗ ಹೊದಿಕೆಗೆ ಎಲ್ಲಿಂದ ತರುವುದು?

ಉತ್ತರ: ಬದು ನೀರನ್ನು ತಡೆಯುವುದು ಹೊಲದ ಅಂಚಿನಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ನೀರು ಮೇಲ್ಮಣ್ಣನ್ನೂ ಗೊಬ್ಬರದ ಸಾರವನ್ನೂ ಹೊತ್ತು ತಂದಿರುತ್ತದೆ. ಬದುವಿನ ಬುಡದ ನಾಲ್ಕು ಸಾಲು ಹಸಿರಾಗಿದ್ದು ಮೇಲಿನ ಹೊಲ ಬಾಡುವುದು ಇದೇ ಕಾರಣಕ್ಕೆ. ಬಿದ್ದ ನೀರು ಬಿದ್ದಲ್ಲಿಯೇ ಇಂಗಬೇಕು. ಇಳಿಜಾರಿಗೆ ಅಡ್ಡವಾಗಿ ಉಳುಮೆ ಮತ್ತು ಬಿತ್ತನೆ, ಸಾಲು ಬೋದುಗಳ ನಡುವೆ ಅಲ್ಲಲ್ಲಿ ಸಣ್ಣ ಮಣ್ಣಿನ ಅಡ್ಡಗಟ್ಟು, ಮಳೆಯ ನಂತರ ಮೇಲ್ಪದರ ಹೆಪ್ಪುಗಟ್ಟಿದರೆ ಹದ ನೋಡಿ ಹಗುರವಾಗಿ ಎಡೆಕುಂಟೆ ಹೊಡೆಯುವುದು, ಇವೆಲ್ಲ ಹೊಸ ವಿಷಯಗಳೇನಲ್ಲವಾದರೂ, ಮಳೆ ಅಬ್ಬರದಿಂದ ಬರುತ್ತಿರುವ ಈ ಕಾಲದಲ್ಲಿ ಇವುಗಳ ಬೆಲೆ ಹಿಂದಿಗಿಂತ ಹೆಚ್ಚಾಗಿದೆ.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ರೈತ ಯಾಕೂಬಾ ಸವಾಡೊಗೊ ಅವರ ಕೆಲಸವನ್ನು ಇಲ್ಲಿ ನೆನೆಯಬೇಕು. 1980ರ ದಶಕದ ಭೀಕರ ಬರದಲ್ಲಿ ಜನ ಊರು ಬಿಟ್ಟು ಹೋಗುತ್ತಿದ್ದಾಗ, ಗಟ್ಟಿಯಾಗಿ ಬರಡಾದ ನೆಲದಲ್ಲಿ ಅವರು ‘ಜಾಯಿ’ ಎಂಬ ಹಳೆಯ ಗುಂಡಿ ಪದ್ಧತಿಯನ್ನು ಸುಧಾರಿಸಿ ಮತ್ತೆ ಬಳಕೆಗೆ ತಂದರು. ಒಂದು ಗೇಣಿಗಿಂತ ತುಸು ಹೆಚ್ಚು ಅಗಲದ, 10ರಿಂದ 20 ಸೆಂಟಿಮೀಟರ್ ಆಳದ ಗುಂಡಿಗಳನ್ನು ಬೇಸಿಗೆಯಲ್ಲಿಯೇ ತೋಡಿ, ಅದಕ್ಕೆ ಕೊಟ್ಟಿಗೆ ಗೊಬ್ಬರ ಮತ್ತು ತರಗೆಲೆ ತುಂಬುವುದು. ಗೊಬ್ಬರಕ್ಕೆ ಬರುವ ಗೆದ್ದಲು ಗಟ್ಟಿ ನೆಲದಲ್ಲಿ ರಂಧ್ರ ಕೊರೆದು ನೀರಿಗೆ ದಾರಿ ಮಾಡುತ್ತದೆ. ಮೊದಲ ಮಳೆಯ ನೀರು ಗುಂಡಿಯಲ್ಲಿ ನಿಂತು ಜೋಳ ಅಥವಾ ಸಜ್ಜೆಯ ಬುಡಕ್ಕೇ ಇಳಿಯುತ್ತದೆ. ಈ ಕೆಲಸಕ್ಕೆ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಹೆಕ್ಟೇರಿಗೆ ಸಾವಿರಾರು ಗುಂಡಿಗಳನ್ನು ಕೈಯಲ್ಲಿ ತೋಡುವ ಶ್ರಮ ಬಹಳ ದೊಡ್ಡದು ಎಂಬುದನ್ನು ಮರೆಯಬಾರದು, ಮತ್ತು ಅದು ನೀರು ಇಂಗದ ಗಟ್ಟಿ ನೆಲಕ್ಕೆ ಹೊಂದುವ ವಿಧಾನ. ಮರಳು ಮಣ್ಣಿನಲ್ಲಿಯಾಗಲಿ, ನೀರು ನಿಲ್ಲುವ ಎರೆ ಭೂಮಿಯಲ್ಲಿಯಾಗಲಿ ಅದನ್ನು ಹಾಗೆಯೇ ಅನುಸರಿಸಬಾರದು.

ಮೇವಿನ ವಿಷಯದಲ್ಲಿ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಹೊದಿಕೆಯ ಬಗ್ಗೆ ಉಪದೇಶ ಮಾಡುವವರು ದನಕರುಗಳ ಹೊಟ್ಟೆಯನ್ನು ಮರೆತಿರುವುದೇ ಹೆಚ್ಚು. ಇಡೀ ಸೊಪ್ಪೆಯನ್ನು ಹೊಲಕ್ಕೆ ಬಿಡಬೇಕಾಗಿಲ್ಲ. ಕಟಾವಿನಲ್ಲಿ ಒಂದು ಗೇಣು ಕೂಳೆ ಉಳಿಸಿ, ದನ ಮುಟ್ಟದ ದಂಟು ಮತ್ತು ಕಳೆಯ ಕಸವನ್ನು ಅಲ್ಲಿಯೇ ಹರಡಿ. ಬೆಳೆ ಇಲ್ಲದ ತಿಂಗಳುಗಳಲ್ಲಿ ಹೊಲದಲ್ಲಿ ಹುಟ್ಟುವ ಕಳೆಯನ್ನು ಎಳೆಯದಾಗಿರುವಾಗಲೇ ತೆಗೆಯುವುದು ಕೂಡ ನೀರುಳಿಸುವ ಕೆಲಸವೇ. ಆಸ್ಟ್ರೇಲಿಯಾದ ಗೋಧಿ ಬೆಳೆಗಾರರು ದೀರ್ಘ ಬರದ ವರ್ಷಗಳಲ್ಲಿ ಇದನ್ನು ಚೆನ್ನಾಗಿ ಮನಗಂಡರು. ಅಲ್ಲಿ 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೂ ಬಿಟ್ಟ ನಂತರ ಆಳದ ಪದರದಿಂದ ಬೇರಿಗೆ ದಕ್ಕಿದ ಒಂದೊಂದು ಮಿಲಿಮೀಟರ್ ಹೆಚ್ಚುವರಿ ನೀರಿಗೆ ಹೆಕ್ಟೇರಿಗೆ ಸುಮಾರು 59 ಕಿಲೋ ಗೋಧಿ ಹೆಚ್ಚಾಗಿ ಬಂದಿತ್ತು. ಕಾಳು ತುಂಬುವ ಹೊತ್ತಿಗೆ ಆಳದಲ್ಲಿ ಉಳಿದ ಅಲ್ಪ ನೀರಿಗೆ ಅಷ್ಟು ಶಕ್ತಿಯಿದೆ.

ಸಾವಯವ ಅಂಶ ಹೆಚ್ಚಿಸಿದರೆ ಮಣ್ಣು ಅಪಾರ ನೀರು ಹಿಡಿಯುತ್ತದೆ ಎಂಬ ಮಾತನ್ನು ಮಾತ್ರ ಸ್ವಲ್ಪ ತೂಗಿ ಸ್ವೀಕರಿಸಿ. ಮಣ್ಣಿನ ಸಾವಯವ ಇಂಗಾಲ ಮಣ್ಣಿನ ತೂಕದ ಶೇ. 1ರಷ್ಟು ಹೆಚ್ಚಿದರೆ, ಬೆಳೆಗೆ ದಕ್ಕುವ ನೀರು ಪ್ರತಿ 10 ಸೆಂಟಿಮೀಟರ್ ಪದರಕ್ಕೆ ಸರಾಸರಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಾಗುತ್ತದೆ ಎಂದು ಜಗತ್ತಿನ ಸಾವಿರಾರು ಮಾದರಿಗಳ ವಿಶ್ಲೇಷಣೆ ತೋರಿಸಿದೆ. ಅಷ್ಟು ಇಂಗಾಲ ಹೆಚ್ಚಿಸಲು ವರ್ಷಗಳೇ ಬೇಕು. ಗೊಬ್ಬರದ ನಿಜವಾದ ಉಪಕಾರ ಬೇರೆಡೆ ಇದೆ: ಮಣ್ಣು ಉದುರಾಗಿ, ಮೇಲ್ಪದರ ಹೆಪ್ಪುಗಟ್ಟದೆ, ಜೋರು ಮಳೆಯೂ ಇಂಗುವಂತಾಗುತ್ತದೆ.

ನಿಮ್ಮ ಹೊಂಡದ ಬಗ್ಗೆ ಒಂದೇ ಮಾತು. ಬಿಸಿಲಿನ ದಿನಗಳಲ್ಲಿ ತೆರೆದ ನೀರು ದಿನಕ್ಕೆ 5ರಿಂದ 8 ಮಿಲಿಮೀಟರಿನಷ್ಟು ಆವಿಯಾಗುತ್ತದೆ, ಇಂಗಿ ಹೋಗುವುದು ಬೇರೆ. ಹೂ ಬಿಡುವ ವಾರದಲ್ಲಿ ಬೆಳೆ ಬಾಡುವ ಸೂಚನೆ ಕಂಡರೆ ಮುಂದೆ ಬೇಕಾದೀತೆಂದು ಕಾಯದೆ ಆ ನೀರನ್ನು ಆಗಲೇ ಕೊಟ್ಟುಬಿಡಿ.

ಪ್ರಶ್ನೆ: ಬರ ತಡೆಯುವ ತಳಿ ಎಂದು ಹೇಳಿ ಮಾರುವ ಬೀಜವನ್ನು ಎಷ್ಟರಮಟ್ಟಿಗೆ ನಂಬಬಹುದು? ಅಲ್ಪಾವಧಿ ತಳಿಯೇ ಮೇಲು ಎಂದು ಕೆಲವರು, ಹಳೆಯ ತಳಿಯೇ ಮೇಲು ಎಂದು ಕೆಲವರು ಹೇಳುತ್ತಾರೆ.

ಉತ್ತರ: ಬರ ಯಾವಾಗ ಬರುತ್ತದೆ ಎಂಬುದನ್ನು ಹೇಳದೆ ‘ಬರ ತಡೆಯುವ ತಳಿ’ ಎಂದರೆ ಅದಕ್ಕೆ ಅರ್ಥ ಕಡಿಮೆ. ಮಳೆಗಾಲದ ಕೊನೆಯಲ್ಲಿ ತೇವ ಮುಗಿಯುವ ಪ್ರದೇಶದಲ್ಲಿ ಅಲ್ಪಾವಧಿ ತಳಿ ಬರ ತಟ್ಟುವ ಮುನ್ನವೇ ಮಾಗಿ ತಪ್ಪಿಸಿಕೊಳ್ಳುತ್ತದೆ. ಆದರೆ ನಡುವೆ ಮೂರು ವಾರ ಮಳೆ ಬಿಡುವು ಕೊಡುವ ಪ್ರದೇಶದಲ್ಲಿ ಅದೇ ತಳಿ ಸರಿಯಾಗಿ ಹೂವಿನ ಹೊತ್ತಿಗೆ ಸಿಕ್ಕಿಹಾಕಿಕೊಂಡು ಚೇತರಿಸಿಕೊಳ್ಳಲು ಸಮಯವಿಲ್ಲದೆ ಸೋಲಬಹುದು. ಅಲ್ಲಿ ನಿಧಾನವಾಗಿ ಬೆಳೆಯುವ, ಮತ್ತೆ ಮತ್ತೆ ತೆಂಡೆ ಒಡೆಯುವ ಸಜ್ಜೆಯಂತಹ ಬೆಳೆ ಉಳಿಯುತ್ತದೆ. ಮೆಕ್ಕೆಜೋಳದ ದೌರ್ಬಲ್ಯ ಎಲ್ಲರಿಗೂ ತಿಳಿದಿರಬೇಕಾದದ್ದು: ನೀರಿನ ಕೊರತೆಯಾದರೆ ತುದಿಯ ಗಂಡು ಹೂ ಪರಾಗ ಉದುರಿಸಿದ ಎಷ್ಟೋ ದಿನಗಳ ನಂತರ ತೆನೆಯ ರೇಷ್ಮೆ ಎಳೆ ಹೊರಬರುತ್ತದೆ, ಕಾಳೇ ಕಟ್ಟುವುದಿಲ್ಲ. ಮೆಕ್ಸಿಕೋದಲ್ಲಿ ಕೇಂದ್ರ ಕಚೇರಿಯಿರುವ ಸಿಮ್ಮಿಟ್ ಸಂಸ್ಥೆಯ ತಳಿ ವಿಜ್ಞಾನಿಗಳು ಬರ ಸಹಿಷ್ಣು ಮೆಕ್ಕೆಜೋಳವನ್ನು ರೂಪಿಸುವಾಗ ಈ ಅಂತರವನ್ನು ಕಿರಿದಾಗಿಸುವುದನ್ನೇ ಮುಖ್ಯ ಗುರಿಯಾಗಿಸಿಕೊಂಡರು. ಭತ್ತ ಹೂ ಬಿಡುವ ಹೊತ್ತಿನಲ್ಲಿ ಉಷ್ಣತೆ ಸುಮಾರು 35 ಡಿಗ್ರಿ ದಾಟಿದರೆ, ಗದ್ದೆಯಲ್ಲಿ ನೀರಿದ್ದರೂ ಜೊಳ್ಳು ಹೆಚ್ಚುತ್ತದೆ.

ಹೀಗಾಗಿ ಬೀಜ ಕೊಳ್ಳುವಾಗ ಮೂರು ವಿಷಯ ಕೇಳಿ: ಎಷ್ಟು ದಿನಕ್ಕೆ ಹೂ ಬಿಡುತ್ತದೆ, ಎಷ್ಟು ದಿನಕ್ಕೆ ಮಾಗುತ್ತದೆ, ನಿಮ್ಮಂಥ ಮಣ್ಣಿನಲ್ಲಿ ಕೆಟ್ಟ ವರ್ಷದಲ್ಲಿ ಅದು ಎಷ್ಟು ಕೊಟ್ಟಿದೆ. ಒಳ್ಳೆಯ ವರ್ಷದ ಇಳುವರಿಯನ್ನು ಎಲ್ಲರೂ ತಾವಾಗಿಯೇ ಹೇಳುತ್ತಾರೆ. ಇಡೀ ಹೊಲಕ್ಕೆ ಒಂದೇ ತಳಿ ಹಾಕುವ ಬದಲು ಬೇರೆ ಬೇರೆ ಅವಧಿಗೆ ಹೂ ಬಿಡುವ ಎರಡು ತಳಿಗಳನ್ನು ಹಂಚಿ ಹಾಕುವುದು, ಧಾನ್ಯದ ಸಾಲುಗಳ ನಡುವೆ ಆಳಕ್ಕೆ ಬೇರು ಬಿಡುವ ತೊಗರಿಯಂತಹ ಬೆಳೆಯನ್ನು ಸೇರಿಸುವುದು ನನ್ನ ದೃಷ್ಟಿಯಲ್ಲಿ ಯಾವುದೇ ಒಂದು ಉತ್ತಮ ತಳಿಗಿಂತ ಹೆಚ್ಚಿನ ರಕ್ಷಣೆ. ತೇವ ಕಡಿಮೆ ಇರುವ ಹೊಲದಲ್ಲಿ ಸಾಲಿನ ಅಂತರ ಹೆಚ್ಚಿಸಿ ಗಿಡಗಳ ಸಂಖ್ಯೆ ಇಳಿಸಿ. ಒತ್ತಾಗಿ ಬಿತ್ತಿದ ಬೆಳೆ ಮೊದಲ ತಿಂಗಳಲ್ಲಿ ಸೊಂಪಾಗಿ ಕಂಡರೂ ಹೂವಿನ ಹೊತ್ತಿಗೆ ನೀರೆಲ್ಲವನ್ನೂ ಮುಗಿಸಿರುತ್ತದೆ. ಖರ್ಚಿಲ್ಲದ ಇನ್ನೊಂದು ಉಪಾಯವೂ ಇದೆ. ಮೆಕ್ಕೆಜೋಳ, ಕಡಲೆಯಂತಹ ಬೀಜಗಳನ್ನು ರಾತ್ರಿ ಕೆಲವು ಗಂಟೆಗಳ ಕಾಲ ನೀರಿನಲ್ಲಿ ನೆನೆಸಿ, ಮೇಲ್ಮೈಯ ನೀರು ಆರಿಸಿ ಬೆಳಿಗ್ಗೆ ಬಿತ್ತಿದರೆ, ಹದ ಇರುವಾಗ ಅವು ಬೇಗ ಮೊಳೆತು ನೆಲ ಹಿಡಿಯುತ್ತವೆ. ಔಷಧ ಲೇಪಿಸಿದ ಬೀಜಕ್ಕೆ ಇದನ್ನು ಮಾಡಬೇಡಿ.

ಪ್ರಶ್ನೆ: ಹನಿ ನೀರಾವರಿ ಅಳವಡಿಸಿಕೊಂಡರೆ ಅಂತರ್ಜಲ ಉಳಿಯುತ್ತದೆ ಎಂದರು. ನಾವೆಲ್ಲರೂ ಅಳವಡಿಸಿಕೊಂಡೆವು. ಆದರೂ ಕೊಳವೆಬಾವಿಗಳ ಮಟ್ಟ ಇಳಿಯುತ್ತಲೇ ಇದೆ. ಇನ್ನೂ ಆಳಕ್ಕೆ ಕೊರೆಸುವುದೊಂದೇ ದಾರಿಯೇ?

ಉತ್ತರ: ಈ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸಬೇಕಾಗಿದೆ. ಕಾಲುವೆ ಅಥವಾ ಸಾಲಿನಲ್ಲಿ ಹರಿಸಿದ ನೀರಿನಲ್ಲಿ ಸುಮಾರು ಶೇ. 60ರಷ್ಟು, ತುಂತುರಿನಲ್ಲಿ ಶೇ. 75ರಷ್ಟು, ಹನಿಯಲ್ಲಿ ಶೇ. 90ರಷ್ಟು ಬೆಳೆಗೆ ದಕ್ಕುತ್ತದೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಹೊಲದ ಮಟ್ಟದಲ್ಲಿ ಈ ಲೆಕ್ಕ ಸರಿಯೇ. ಆದರೆ ಹರಿಸಿದಾಗ ‘ವ್ಯರ್ಥ’ವಾಗುತ್ತಿದ್ದ ನೀರಿನಲ್ಲಿ ಒಂದು ಪಾಲು ಮರಳಿ ನೆಲಕ್ಕಿಳಿದು ಅಂತರ್ಜಲವನ್ನೇ ಸೇರುತ್ತಿತ್ತು. ಹನಿಯಿಂದ ಉಳಿದ ನೀರಿನಲ್ಲಿ ರೈತರು ಇನ್ನೊಂದು ಎಕರೆಗೆ ನೀರುಣಿಸಿದರೆ, ಅಥವಾ ಹೆಚ್ಚು ನೀರು ಬೇಡುವ ಬೆಳೆಗೆ ಹೊರಳಿದರೆ, ಎತ್ತುವ ಪ್ರಮಾಣ ಇಳಿಯುವುದಿಲ್ಲ, ಮರಳುವ ಪಾಲು ಮಾತ್ರ ನಿಂತುಹೋಗುತ್ತದೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು ಈ ವಿರೋಧಾಭಾಸವನ್ನು ವಿವರವಾಗಿ ಮುಂದಿಟ್ಟರು: ಎಷ್ಟು ನೀರೆತ್ತಬೇಕು ಎಂಬುದಕ್ಕೆ ಮಿತಿ ಹಾಕದೆ ಉಪಕರಣವನ್ನು ಮಾತ್ರ ಸುಧಾರಿಸಿದರೆ ಒಟ್ಟು ನೀರು ಉಳಿಯುವುದು ಅಪರೂಪ.

ಆಳಕ್ಕೆ ಕೊರೆಸುವುದನ್ನು ಹೊಂದಾಣಿಕೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಎಲ್ಲರ ಕೆಳಗೂ ಇರುವುದು ಒಂದೇ ನೀರು. ಸಾಲ ಮಾಡಿ ನೀವು ಆಳಕ್ಕೆ ಹೋದರೆ ನೆರೆಯವರೂ ಸಾಲ ಮಾಡಿ ಆಳಕ್ಕೆ ಹೋಗುತ್ತಾರೆ, ಬರದ ವರ್ಷದಲ್ಲಿ ಇಬ್ಬರಿಗೂ ಸಾಲ ಉಳಿದು ನೀರು ಉಳಿಯುವುದಿಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ, ಒಗಲ್ಲಾಲಾ ಎಂಬ ವಿಶಾಲ ಅಂತರ್ಜಲ ಪದರ ಬತ್ತುತ್ತಿದ್ದಾಗ, ಶೆರಿಡನ್ ಕೌಂಟಿ ಪ್ರದೇಶದ ರೈತರು ತಾವೇ ಸೇರಿ ನೀರೆತ್ತುವುದನ್ನು ಶೇ. 20ರಷ್ಟು ಇಳಿಸುವ ಯೋಜನೆ ರೂಪಿಸಿಕೊಂಡರು; 2013ರಿಂದ ಅದು ಕಾನೂನಿನ ಬಲದೊಂದಿಗೆ ಜಾರಿಗೆ ಬಂತು. ಪಾಲನ್ನು ಒಂದೊಂದು ವರ್ಷಕ್ಕೆ ಹಂಚದೆ ಐದು ವರ್ಷಕ್ಕೆ ಒಟ್ಟಾಗಿ ನಿಗದಿಪಡಿಸಿದ್ದರಿಂದ, ಒಣ ವರ್ಷದಲ್ಲಿ ಹೆಚ್ಚು, ಮಳೆಯ ವರ್ಷದಲ್ಲಿ ಕಡಿಮೆ ಎತ್ತುವ ಸ್ವಾತಂತ್ರ್ಯ ರೈತರ ಕೈಯಲ್ಲಿಯೇ ಉಳಿಯಿತು. ಕೆಲವರು ಮೆಕ್ಕೆಜೋಳದ ಒಂದು ಪಾಲನ್ನು ಬಿಟ್ಟು ಜೋಳ ಮತ್ತು ಗೋಧಿಗೆ ಹೊರಳಿದರು, ಉಳಿದವರು ಮಣ್ಣಿನ ತೇವ ಅಳೆದು ನೀರು ಬಿಡತೊಡಗಿದರು. ಇಳುವರಿ ತುಸು ಕುಗ್ಗಿದರೂ ಖರ್ಚು ಇಳಿದದ್ದರಿಂದ ಆದಾಯ ಕುಸಿಯಲಿಲ್ಲ. ನೀರನ್ನು ಅಳೆಯುವುದು, ಎಲ್ಲರ ಲೆಕ್ಕವೂ ಎಲ್ಲರಿಗೂ ಕಾಣುವಂತಿರುವುದು, ಮಿತಿಯನ್ನು ಬಳಸುವವರೇ ಒಪ್ಪಿಕೊಳ್ಳುವುದು, ಈ ಮೂರು ಇಲ್ಲದೆ ಹನಿ ಕೊಳವೆಯೊಂದರಿಂದ ಅಂತರ್ಜಲ ಉಳಿಯದು.

ಪ್ರಶ್ನೆ: ಭತ್ತ ಬಿಟ್ಟು ಬೇರೆ ಬೆಳೆಯಲು ನಮ್ಮ ಜಮೀನಿಗೆ ಆಗದು. ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಬೆಳೆಯಬಹುದೇ?

ಉತ್ತರ: ಬೆಳೆಯಬಹುದು. ಫಿಲಿಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ವಿಧಾನದಲ್ಲಿ, ಕೆಳಭಾಗಕ್ಕೆ ರಂಧ್ರ ಕೊರೆದ ಸುಮಾರು 30 ಸೆಂಟಿಮೀಟರ್ ಉದ್ದದ ಕೊಳವೆಯೊಂದನ್ನು ಗದ್ದೆಯಲ್ಲಿ ಹುಗಿದು, ಒಳಗಿನ ಮಣ್ಣು ತೆಗೆದು ನೀರಿನ ಮಟ್ಟ ನೋಡುತ್ತಾರೆ. ನಾಟಿಯಾಗಿ ಎರಡು ವಾರ ಕಳೆದ ನಂತರ, ಮಟ್ಟವು ನೆಲದಿಂದ 15 ಸೆಂಟಿಮೀಟರ್ ಕೆಳಗಿಳಿಯುವವರೆಗೆ ಕಾದು, ಆಮೇಲೆ 5 ಸೆಂಟಿಮೀಟರ್ ನಿಲ್ಲುವಷ್ಟು ನೀರು ಬಿಡುವುದು. ನೆಲದ ಮೇಲೆ ನೀರು ಕಾಣದಿದ್ದರೂ ಬೇರಿಗೆ ಅದು ಸಿಗುತ್ತಲೇ ಇರುತ್ತದೆ. ಹೂ ಬಿಡುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಮಾತ್ರ ಗದ್ದೆ ಒಣಗಬಾರದು. ಇದರಿಂದ ಶೇ. 30ರವರೆಗೆ ನೀರು ಉಳಿಯಬಹುದು. ಗದ್ದೆಯಿಂದ ಹೊರಬೀಳುವ ಮೀಥೇನ್ ಅನಿಲವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಳೆ ಹೆಚ್ಚುವುದರಿಂದ ಮೊದಲ ವಾರಗಳಲ್ಲಿ ಎಚ್ಚರ ಬೇಕು. ಸರದಿಯ ನೀರು ಯಾವಾಗ ಬರುತ್ತದೆಂಬ ಖಾತರಿ ಇಲ್ಲದಿದ್ದರೆ ಮೊದಲ ವರ್ಷ ಒಂದು ಮಡಿಯಲ್ಲಿ ಮಾತ್ರ ಮಾಡಿ ನೋಡಿ.

ಪ್ರಶ್ನೆ: ಮಳೆ ಕಡಿಮೆ ಎಂದು ಮುನ್ಸೂಚನೆ ಕೊಟ್ಟ ವರ್ಷ ಚೆನ್ನಾಗಿ ಮಳೆಯಾಯಿತು. ಇನ್ನು ಅದನ್ನು ಕೇಳುವುದರಿಂದ ಏನು ಪ್ರಯೋಜನ?

ಉತ್ತರ: ಋತುವಿನ ಮುನ್ಸೂಚನೆ ಹೇಳುವುದು ಸಂಭವವನ್ನು. ಸಾಮಾನ್ಯಕ್ಕಿಂತ ಕಡಿಮೆ, ಸಾಮಾನ್ಯ, ಹೆಚ್ಚು ಎಂಬ ಮೂರು ಗುಂಪುಗಳಿಗೂ ಸಮಾನ ಅವಕಾಶವಿದ್ದರೆ ಒಂದೊಂದಕ್ಕೂ ಶೇ. 33 ಬರುತ್ತದೆ. ‘ಕಡಿಮೆ’ ಎಂಬುದಕ್ಕೆ ಶೇ. 45 ಎಂದರೆ ಅಪಾಯ ಎಂದಿಗಿಂತ ಹೆಚ್ಚಿದೆ, ಆದರೂ ಕಡಿಮೆಯಾಗದಿರುವ ಸಾಧ್ಯತೆ ಶೇ. 55 ಇದೆ. ಒಂದು ವರ್ಷ ಹುಸಿಯಾದ ಮಾತ್ರಕ್ಕೆ ಅದನ್ನು ಕೈಬಿಡಬಾರದು, ಅದೊಂದನ್ನೇ ನಂಬಿ ಇಡೀ ಹೊಲವನ್ನು ಬದಲಿಸಲೂಬಾರದು. ಪೆಸಿಫಿಕ್ ಸಾಗರ ಬೆಚ್ಚಗಾಗುವ ಎಲ್ ನಿನೋ ವರ್ಷಗಳಲ್ಲಿ ಕೆಲವು ಪ್ರದೇಶಗಳಿಗೆ ಮಳೆ ಕಡಿಮೆಯಾಗುತ್ತದೆ, ಕೆಲವಕ್ಕೆ ಹೆಚ್ಚಾಗುತ್ತದೆ. ನಿಮ್ಮ ಪ್ರದೇಶದ ಮೇಲೆ ಅದರ ಪ್ರಭಾವ ಯಾವ ಬಗೆಯದು ಎಂಬುದನ್ನು ಹಳೆಯ ಮಳೆ ಲೆಕ್ಕದೊಂದಿಗೆ ಹೋಲಿಸಿ ತಿಳಿಯಿರಿ. ಅಪಾಯ ಹೆಚ್ಚೆಂದು ಹೇಳಿದ ವರ್ಷ ಸಾಲ ಮಾಡಿ ಹೂಡುವ ಬೆಳೆಯ ವಿಸ್ತೀರ್ಣ ಇಳಿಸಿ, ಮೇಲುಗೊಬ್ಬರವನ್ನು ಒಮ್ಮೆಗೇ ಕೊಡದೆ ಹಸಿ ನೋಡಿಕೊಂಡು ಕಂತಿನಲ್ಲಿ ಕೊಡಿ. ಮೂರರಿಂದ ಐದು ದಿನಗಳ ಮುನ್ಸೂಚನೆ ಇದಕ್ಕಿಂತ ಬಹಳ ನಂಬಲರ್ಹ. ಬಿತ್ತನೆ, ಗೊಬ್ಬರ, ಸಿಂಪಡಣೆಯ ದಿನವನ್ನು ಅದರಂತೆ ನಿರ್ಧರಿಸಬಹುದು.

ಪ್ರಶ್ನೆ: ಹೊಲದೊಳಗೆ ಮರವಿದ್ದರೆ ಬೆಳೆಯ ನೀರನ್ನು ಅದೇ ಕುಡಿಯುತ್ತದೆ ಎಂದು ನಮ್ಮ ಹಿರಿಯರು ಎಲ್ಲವನ್ನೂ ಕಡಿಸಿದರು. ಈಗ ಮರ ಬೆಳೆಸಿ ಎನ್ನುತ್ತಿದ್ದಾರೆ. ಯಾವುದು ನಿಜ?

ಉತ್ತರ: ಎರಡರಲ್ಲೂ ನಿಜವಿದೆ, ಯಾವ ಮರ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ನೀಲಗಿರಿಯಂತಹ ಮರದ ಪಕ್ಕದ ಸಾಲುಗಳು ಸೊರಗುವುದನ್ನು ನಿಮ್ಮ ಹಿರಿಯರು ಕಣ್ಣಾರೆ ಕಂಡಿರಬಹುದು. ಆಫ್ರಿಕಾದ ಒಣಪ್ರದೇಶಗಳಲ್ಲಿ ಫೈಡರ್ಬಿಯಾ ಎಂಬ ಮುಳ್ಳಿನ ಮರವಿದೆ. ಅದು ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಚಿಗುರುತ್ತದೆ, ಆದ್ದರಿಂದ ಬೆಳೆಯೊಂದಿಗೆ ಬೆಳಕಿಗೂ ನೀರಿಗೂ ಅಷ್ಟಾಗಿ ಪೈಪೋಟಿ ಮಾಡದೆ ನೆಲಕ್ಕೆ ಸಾರಜನಕ ಸೇರಿಸುತ್ತದೆ. ನೈಜರ್ ದೇಶದಲ್ಲಿ 1980ರ ದಶಕದ ಆರಂಭದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿ ತಜ್ಞರು, ನೆಟ್ಟ ಸಸಿಗಳು ವರ್ಷವರ್ಷವೂ ಸಾಯುತ್ತಿದ್ದುದನ್ನು ಕಂಡು, ಹೊಲದಲ್ಲಿ ಕಡಿದ ಮರಗಳ ಬೇರು ಇನ್ನೂ ಜೀವಂತವಾಗಿದ್ದು ಪ್ರತಿ ವರ್ಷ ಚಿಗುರುತ್ತಿರುವುದನ್ನು ಗಮನಿಸಿದರು. ರೈತರು ಆ ಚಿಗುರುಗಳಲ್ಲಿ ಗಟ್ಟಿಯಾದ ಕೆಲವನ್ನು ಉಳಿಸಿ, ಉಳಿದವನ್ನು ಸವರಿ, ಕಾಪಾಡಿದರು. ಮುಂದಿನ ಎರಡು ದಶಕಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಹೀಗೆ ಮರಗಳು ಮರಳಿದವು. ಹೊಲದ ಮರ ರೈತನದೇ ಎಂಬ ಭರವಸೆ ಮೂಡಿದ ಮೇಲೆ ಈ ಕೆಲಸ ವೇಗ ಪಡೆಯಿತು ಎಂಬುದು ಗಮನಿಸಬೇಕಾದ ಸಂಗತಿ. ಸಸಿ ಕೊಂಡು ತರುವ ಮುನ್ನ ನಿಮ್ಮ ಬದುವಿನಲ್ಲಿ ಪ್ರತಿ ವರ್ಷ ಕಡಿಸಿಕೊಂಡೂ ಚಿಗುರುತ್ತಿರುವ ಗಿಡ ಯಾವುದೆಂದು ನೋಡಿ. ಆ ಮಣ್ಣಿನಲ್ಲಿ ಬದುಕಲು ಅದಕ್ಕೆ ಆಗಲೇ ಗೊತ್ತಿದೆ.

ಪ್ರಶ್ನೆ: ಹವಾಮಾನ ಆಧಾರಿತ ವಿಮೆ ಮಾಡಿಸಿದ್ದೆ. ನನ್ನ ಬೆಳೆ ಒಣಗಿದರೂ ಪರಿಹಾರ ಬರಲಿಲ್ಲ.

ಉತ್ತರ: ಇಂತಹ ವಿಮೆಯಲ್ಲಿ ನಿಮ್ಮ ಹೊಲವನ್ನು ಯಾರೂ ನೋಡುವುದಿಲ್ಲ; ಹತ್ತಿರದ ಮಳೆಮಾಪಕದ ಅಥವಾ ಉಪಗ್ರಹದ ಅಂಕಿ ಒಂದು ಮಿತಿ ದಾಟಿದರೆ ಮಾತ್ರ ಹಣ ಬರುತ್ತದೆ. ಮಾಪಕದ ಮೇಲೆ ಬಿದ್ದ ಮಳೆ ನಿಮ್ಮ ಹೊಲದ ಮೇಲೆ ಬೀಳದಿರುವುದು ಈ ಪದ್ಧತಿಯ ಮೂಲ ದೋಷ, ಅದನ್ನು ಸಹಿ ಹಾಕುವ ಮೊದಲೇ ರೈತರಿಗೆ ತಿಳಿಸುವುದು ವಿಮೆ ಮಾರುವವರ ಕರ್ತವ್ಯ. ಮುಂದಿನ ಬಾರಿ ಮಾಪಕ ಎಲ್ಲಿದೆ, ಯಾವ ದಿನಾಂಕಗಳ ನಡುವಿನ ಮಳೆಯನ್ನು ಎಣಿಸುತ್ತಾರೆ, ಎಷ್ಟು ಕಡಿಮೆಯಾದರೆ ಹಣ ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ದಿನಾಂಕಗಳು ನಿಮ್ಮ ಬೆಳೆ ಹೂ ಬಿಡುವ ವಾರಗಳನ್ನು ಒಳಗೊಳ್ಳದಿದ್ದರೆ ಆ ವಿಮೆ ನಿಮಗೆ ಹೊಂದುವಂಥದ್ದಲ್ಲ.

ಪ್ರಶ್ನೆ: ಮೊದಲ ಮಳೆಗೆ ಬಿತ್ತಿದ್ದೆವು. ಮೊಳಕೆ ಬಂದ ಮೇಲೆ ಮಳೆ ಹೋಯಿತು. ಹರಗಿ ಮತ್ತೆ ಬಿತ್ತಬೇಕೇ, ಇದ್ದುದನ್ನೇ ಉಳಿಸಿಕೊಳ್ಳಬೇಕೇ?

ಉತ್ತರ: ಮೊದಲು ಹೊಲದ ನಾಲ್ಕಾರು ಕಡೆ ಸಾಲು ಹಿಡಿದು ಬದುಕಿರುವ ಸಸಿಗಳನ್ನು ಎಣಿಸಿ. ಅರ್ಧಕ್ಕಿಂತ ಹೆಚ್ಚು ಉಳಿದಿದ್ದು ಅವು ಹೊಲದಲ್ಲೆಲ್ಲ ಹರಡಿದ್ದರೆ ಹರಗಬೇಡಿ. ತೆಳುವಾದ ಬೆಳೆಗೆ ತಲಾ ಹೆಚ್ಚು ತೇವ ದಕ್ಕುವುದರಿಂದ ಅದು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ, ಮತ್ತೆ ಉಳುಮೆ ಮಾಡಿದರೆ ಉಳಿದ ಹಸಿಯೂ ಹಾರಿಹೋಗುತ್ತದೆ. ಖಾಲಿ ಬಿದ್ದ ಜಾಗಕ್ಕೆ ಅಲಸಂದೆ, ಹುರುಳಿಯಂತಹ ಬೇಗ ನೆಲ ಮುಚ್ಚುವ ಬೆಳೆಯನ್ನು ಮುಂದಿನ ಮಳೆಗೆ ಸೇರಿಸಿ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಮತ್ತೆ ಬಿತ್ತುವುದೇ ಲೇಸು, ಆದರೆ ಅದೇ ಬೆಳೆಯನ್ನಲ್ಲ. ಋತುವಿನಲ್ಲಿ ಇನ್ನೆಷ್ಟು ದಿನ ಉಳಿದಿದೆಯೆಂದು ಎಣಿಸಿ ಅಷ್ಟರೊಳಗೆ ಮಾಗುವುದನ್ನು ಆರಿಸಿ, ತೀರಾ ತಡವಾಗಿದ್ದರೆ ಮೇವಿನ ಬೆಳೆಯನ್ನಾದರೂ ಹಾಕಿ. ಈ ಬಾರಿ ಬಿತ್ತುವ ಮುನ್ನ ಸಲಿಕೆಯಿಂದ ತೋಡಿ, ಹಸಿ ಒಂದು ಗೇಣು ಆಳಕ್ಕೆ ಇಳಿದಿದೆಯೇ ಎಂದು ನೋಡಿ; ಮೇಲಿನ ನಾಲ್ಕು ಬೆರಳು ಮಾತ್ರ ನೆನೆದಿದ್ದರೆ ಇನ್ನೊಂದು ಮಳೆಗೆ ಕಾಯಿರಿ. ಮರುಬಿತ್ತನೆಯ ಹೊತ್ತಿಗೆ ಅಲ್ಪಾವಧಿ ಬೀಜ ಎಲ್ಲಿಯೂ ಸಿಗದಿರುವುದು ಬರದ ವರ್ಷಗಳಲ್ಲಿ ಸಾಮಾನ್ಯ. ಆದಕಾರಣ ಈ ಸಲದ ಸುಗ್ಗಿಯಲ್ಲಿ ಹುರುಳಿಯೋ ಅಲಸಂದೆಯೋ ಕೈಗೆ ಬಂದರೆ, ಮುಂದಿನ ವರ್ಷದ ಎರಡನೇ ಬಿತ್ತನೆಗೆ ಬೇಕಾದಷ್ಟನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಪ್ರತ್ಯೇಕವಾಗಿ ತೆಗೆದಿಡಿ.